ವಿಲ್ಕಿನ್‌ನನ್ನು ಆಡಿಸಬೇಡಿ

ಸಾನ್ ಪೆದ್ರೊ, ಮಂಗಳವಾರ

ತರಬೇತುದಾರ ಎವರಿಸ್ತೊ ಅವರಿಗೆ, ವಿಲ್ಕಿನ್‌ನ ತಾಯಿಯ ನಮಸ್ಕಾರ.

ಇನ್ನು ಪ್ರತಿ ಬೇಸ್‌ಬಾಲ್ ಪಂದ್ಯದಲ್ಲೂ ನನ್ನ ಮಗನನ್ನು ಬ್ಯಾಟಿಂಗಿಗೆ ಇಳಿಸುತ್ತೀರೆಂದು ಕೇಳಿದೆ. “ನಿನ್ನ ಮಗ ಹೊಡೆದ್ರೆ ಚೆಂಡು ಸಮುದ್ರಕ್ಕೇ ಕಣೇ!” ಎಂದು ಬೀದಿಯವರೆಲ್ಲ ಕುಣಿಯುತ್ತಿದ್ದಾರೆ. ಆ ಸ್ಥಾನಕ್ಕೆ ಅವನು ಯೋಗ್ಯನೇ. ಆದರೂ ದಯವಿಟ್ಟು ಅವನನ್ನು ಹೊರಗೆ ಕೂರಿಸಿ.

ಹೋದ ವಾರ ಚೆಂಡು ತಲೆಗೆ ಬಡಿದಾಗ ಅವನು ನಗುತ್ತಲೇ ಎದ್ದದ್ದನ್ನು ನೀವು ನೋಡಿದಿರಿ. ಅಂದಿನಿಂದ ವಾಂತಿ ನಿಂತಿಲ್ಲ. ಆಸ್ಪತ್ರೆಗೆ ಕರೆದರೆ, “ಸುಮ್ನಿರಮ್ಮ, ಕೋಚ್‌ಗೆ ಗೊತ್ತಾದ್ರೆ ನನ್ನ ಜಾಗ ಬೇರೆಯವನಿಗೆ ಹೋಗುತ್ತೆ” ಎನ್ನುತ್ತಾನೆ. ನಿಮ್ಮ ಮಾತನ್ನು ಅವನು ಮೀರುವುದಿಲ್ಲ, ನೀವೇ ಕರೆದೊಯ್ಯಿರಿ. ನಾನು ಬರೆದೆನೆಂದು ಹೇಳಬೇಡಿ.

ಇವತ್ತು ಊಟಕ್ಕೆ ಕೂತವನು, “ಅಪ್ಪ ಇನ್ನೂ ಬಂದಿಲ್ವಾ?” ಎಂದು ಕೇಳಿದ. ಹೋದ ವರ್ಷ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಅವನೇ.

ನೆರೈದಾ