ಕೊಡುವ ಕೈಯ ಕಣ್ಣು

ಕೆಲಸದ ಕೋಣೆ, ಉತ್ತರದ ಕಿಟಕಿಯ ಪಕ್ಕ
ತಾರೀಖು ಹದಿನೇಳು, ಬುಧವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಪಿಟೀಲೂ,

ಹೇಗಿದ್ದೀಯ ತಾಯಿ? ಬಲಗಣ್ಣಿನ ಒತ್ತಡ ಇಳಿಯಿತೇ, ತಲೆನೋವು ಹೇಗಿದೆ? ಹನಿ ಹಾಕಿಕೊಂಡ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗು, ಮೂಗಿನ ಪಕ್ಕದಲ್ಲಿ ಬೆರಳಿನಿಂದ ಮೆತ್ತಗೆ ಒತ್ತಿಹಿಡಿ. ಇಲ್ಲದಿದ್ದರೆ ಔಷಧ ಗಂಟಲಿಗೆ ಇಳಿದು ಬಾಯೆಲ್ಲ ಕಹಿಯಾಗುತ್ತದೆ. ಡಾಕ್ಟರು ಇದನ್ನೆಲ್ಲ ಹೇಳಿರುವುದಿಲ್ಲ, ಅವರಿಗೆ ಪುರುಸೊತ್ತೆಲ್ಲಿ. ನಾನು ಡಾಕ್ಟರಲ್ಲ, ಕಣ್ಣು ಕಳೆದುಕೊಂಡವರಿಗೆ ಸುಳ್ಳು ಕಣ್ಣು ಮಾಡಿಕೊಟ್ಟವನು. ಆದರೂ ಮೂವತ್ತೆಂಟು ವರ್ಷ ಜನರ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಕುಳಿತವನಿಗೆ ಅಷ್ಟಿಷ್ಟು ತಿಳಿಯದೆ ಇರುತ್ತದೆಯೇ. ನನ್ನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ.

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್ ದಟ್... ಕಾಲೇಜಿನಲ್ಲಿ ಕಲಿಸಿದ್ದು ಇಲ್ಲಿಯವರೆಗೆ ನೆನಪಿದೆ, ಮುಂದೆ ಏನು ಬೆಗ್ ಮಾಡಬೇಕಿತ್ತೋ ಮರೆತಿದೆ. ನಿನ್ನ ಕಾಗದ ಶನಿವಾರ ಬಂತು. ಬರುವ ಶುಕ್ರವಾರವಲ್ಲ, ಅದರಾಚೆಯ ಶುಕ್ರವಾರ, ಇಪ್ಪತ್ತಾರಕ್ಕೆ ಆಪರೇಷನ್ ಅಂತ ಬರೆದಿದ್ದೀಯ. ನಿನಗೆ ಇರುವುದು ಅದೊಂದೇ ಕಣ್ಣು, ಅದಕ್ಕೂ ಕತ್ತರಿ ಬೀಳುತ್ತದೆ ಅನ್ನುವ ಸಾಲನ್ನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಮೂರು ದಿನ ಕಣ್ಣು ಕಟ್ಟಿರುತ್ತಾರೆ, ನೀನು ಬರಬೇಡಪ್ಪ, ಮಂಡಿ ಎಳ್ಕೊಂಡು ಬಂದು ನನಗೇ ಕೆಲಸ ಕೊಡ್ತೀಯ ಅಂತಲೂ ಬರೆದಿದ್ದೀಯ. ಆಗಲಿ. ಆದರೆ ಅದರ ಕೆಳಗೆ ಇನ್ನೆರಡು ವಿಷಯ ಬರೆದಿದ್ದೀಯಲ್ಲ, ನಾಲ್ಕು ದಿನದಿಂದ ಅವು ನನ್ನನ್ನು ಮಲಗಲು ಬಿಟ್ಟಿಲ್ಲ. ಒಂದು, ಅಮ್ಮನ ಮೇಲಿನ ಸಿಟ್ಟು ಹೊಟ್ಟೆಯಲ್ಲಿ ಇಟ್ಕೊಂಡೇ ಆ ಟೇಬಲ್ ಮೇಲೆ ಮಲಗೋಕೆ ಭಯ ಆಗ್ತಿದೆ, ಬಿಡೋಣ ಅಂದ್ರೆ ಬಿಡೋಕೂ ಆಗ್ತಿಲ್ಲ ಅಂದಿರುವುದು. ಇನ್ನೊಂದು, ಕಣ್ಣೇ ಇಲ್ಲದ ನಿನ್ನ ಎಡಗಡೆಯಲ್ಲಿ ಏನೋ ಕಾಣಿಸುತ್ತಿದೆ ಅಂದಿರುವುದು. ಎರಡನೆಯದನ್ನು ಮೊದಲು ಹೇಳುತ್ತೇನೆ. ಮೊದಲನೆಯದಕ್ಕೆ ಬರುತ್ತೇನೆ, ಬಂದೇ ಬರುತ್ತೇನೆ, ಸ್ವಲ್ಪ ತಾಳು. ನಿನ್ನಮ್ಮ ಹೇಳುತ್ತಿದ್ದಳಲ್ಲ, ನಿಮ್ಮಪ್ಪ ಪಕ್ಕದ ಬೀದಿಗೆ ಹೋಗೋಕೂ ಊರೆಲ್ಲ ಸುತ್ತಿ ಹೋಗೋರು ಅಂತ.

ನಿನ್ನಮ್ಮನ ಚಿತ್ರ ನಿನಗೆ ನೆನಪಿರಬೇಕು. ಕೊನೆಯ ಹನ್ನೊಂದು ವರ್ಷ ಬರೆದಳು, ಸಾಮಾನು ಬಂದ ಪೆಟ್ಟಿಗೆಯ ಹಲಗೆಯ ಮೇಲೆ, ನನ್ನದೇ ಬಣ್ಣ, ಮೂರು ಕೂದಲಿನ ನನ್ನದೇ ಬ್ರಷ್ಷು. ತಲೆ ಬೋಳಿಸಿದ ಒಬ್ಬ ಬೌದ್ಧ ಸನ್ಯಾಸಿನಿ ಕಣ್ಣು ಮಾಡಿಸಿಕೊಳ್ಳಲು ಬಂದಿದ್ದವರು, ಹೋಗುವಾಗ ಅಂಗೈಯಗಲದ ಒಂದು ಪಟ ಕೊಟ್ಟು ಹೋದರು. ಬಿಳಿ ತಾರಾ, ಕರುಣೆಯ ದೇವಿ. ಇವಳಿಗೆ ಏಳು ಕಣ್ಣು, ಮುಖದಲ್ಲಿ ಎರಡು, ಹಣೆಯಲ್ಲಿ ಒಂದು, ಅಂಗೈ ಅಂಗಾಲಿನಲ್ಲಿ ಒಂದೊಂದು, ಯಾರಿಗೆ ಎಲ್ಲಿ ನೋವಿದೆ ಅಂತ ಕಾಣಬೇಕಲ್ಲ ಅಂದರು. ನಿನ್ನಮ್ಮ ಒಲೆ ಆರಿಸಿ ಬಂದು ನಿಂತು ಕೇಳಿದಳು. ಮರುದಿನವೇ ಹಲಗೆಗೆ ಸುಣ್ಣದ ಪುಡಿ, ಅಂಟು ಹಚ್ಚಿ ಉಜ್ಜಲು ಕುಳಿತಳು. ಪೂಜೆ ಮಾಡಲಿಲ್ಲ, ದೀಪ ಹಚ್ಚಲಿಲ್ಲ. ಇದು ಯಾರಿಗೂ ತೋರಿಸೋಕಲ್ಲ ಕಣ್ರೀ, ನನ್ನ ಒಳಗೆ ಒಂದು ಜಾಗ ಇದೆ, ಅಲ್ಲಿ ಕೂರಿಸೋಕೆ ಅನ್ನುತ್ತಿದ್ದಳು. ದಿನಕ್ಕೆ ಒಂದು ಗೆರೆ, ಕೆಲವು ದಿನ ಹಿಂದಿನ ದಿನದ ಗೆರೆಯನ್ನು ಒರೆಸುವುದಷ್ಟೇ ಕೆಲಸ. ಪಟದಲ್ಲಿದ್ದ ದೇವಿ ನಗುತ್ತಿದ್ದಳು. ಇವಳು ಬರೆದ ದೇವಿ ನಗುವುದಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಅಳುತ್ತಿದ್ದಾರೋ ಏನೋ ಅಂತ ಕಿವಿಗೊಟ್ಟವಳ ಹಾಗೆ ಕುತ್ತಿಗೆ ಚೂರು ವಾಲಿಸಿದ್ದಾಳೆ. ಕರುಣೆಗೆ ಇಂಗ್ಲಿಷಿನಲ್ಲಿ ಪಿಟಿ, ಮರ್ಸಿ, ಕಂಪ್ಯಾಷನ್ ಅಂತ ಮೂರು ಪದ, ಮೂರೂ ಬೇರೆಬೇರೆ ಅಂತ ನಮ್ಮ ಮೇಷ್ಟ್ರು ಒಂದು ಪೀರಿಯಡ್ ಪೂರ್ತಿ ಹೇಳಿದ್ದರು. ವ್ಯತ್ಯಾಸ ಏನಂತ ಮರೆತಿದ್ದೆ. ಈಗೀಗ ಆ ಮುಖ ನೋಡಿದರೆ ನೆನಪಾಗುವ ಹಾಗೆ ಆಗುತ್ತದೆ.

ನೀನು ಒಮ್ಮೆ ರಜೆಗೆ ಬಂದಾಗ ಅದನ್ನು ನೋಡಿ, ಏನಮ್ಮಾ, ದೇವರಿಗೆ ಲಂಚ ಕೊಡ್ತಿದ್ದೀಯಾ ಅಂದೆ. ಅವಳು ಬ್ರಷ್ಷು ತೊಳೆಯುತ್ತಾ, ಹೂಂ ಕಣೇ, ತಗೋತಾಳೋ ಇಲ್ವೋ ನೋಡೋಣ ಅಂದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಆರು ಕಣ್ಣು ಬರೆದಳು. ಏಳನೆಯದು, ಮೊಣಕಾಲ ಮೇಲೆ ತೆರೆದಿಟ್ಟ ಬಲ ಅಂಗೈಯದು, ಖಾಲಿ ಬಿಟ್ಟಳು. ಅದು ದೇವಿಯ ಕೊಡುವ ಕೈ. ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನ ಮಣಿಕಟ್ಟು ಹಿಡಿದುಕೊಂಡು, ಆ ಒಂದನ್ನ ನೀವೇ ಬರೀರಿ, ಯಾವ ಕಣ್ಣು ಅಂತ ನಿಮಗೆ ಗೊತ್ತಲ್ಲ ಅಂದಳು. ಗೊತ್ತಿಲ್ಲ ಅಂದೆ. ಗೊತ್ತು ಬಿಡ್ರೀ ಅಂದಳು.

ಎಂಟು ತಿಂಗಳು ಮುಟ್ಟಲಿಲ್ಲ. ಹೋದ ತಿಂಗಳು ಒಂದನೇ ತಾರೀಖು ಬೆಳಗ್ಗೆ ಹತ್ತಕ್ಕೆ, ಬೆಳಕು ಸಮನಾಗಿ ಬೀಳುವ ಹೊತ್ತಿಗೆ ಕುಳಿತೆ. ದೇವಿಯ ಉಳಿದ ಕಣ್ಣುಗಳು ಕರಿ, ಅದನ್ನೇ ನೋಡಿ ಬರೆದರಾಗಿತ್ತು. ಆದರೆ ಹಾಳು ಅಭ್ಯಾಸ ನೋಡು, ನಮ್ಮ ಕಸುಬಿನಲ್ಲಿ ಎದುರಿಗೆ ಒಬ್ಬರು ಜೀವಂತ ಕುಳಿತಿರುತ್ತಾರೆ, ಅವರ ಉಳಿದ ಕಣ್ಣಿಗೆ ಜೋಡಿಯಾಗುವ ಹಾಗೆ ಬರೆಯುತ್ತೇವೆ. ಎದುರಿಗೆ ಯಾರೂ ಇರಲಿಲ್ಲ. ಕೈ ತಾನಾಗಿ ಯಾರನ್ನೋ ಕೂರಿಸಿಕೊಂಡು ಬರೆಯಿತು. ಮುಗಿಸಿ ಕನ್ನಡಕ ಒರೆಸಿ ನೋಡಿದರೆ ತಿಳಿ ಕಂದು, ಅಂಚಿನಲ್ಲಿ ಹಸಿರು, ಗಡಿಯಾರದ ನಾಲ್ಕು ಗಂಟೆ ಇರುವ ಜಾಗದಲ್ಲಿ ಸಾಸಿವೆಯಷ್ಟು ಚುಕ್ಕೆ. ನಿನ್ನ ಎಡಗಣ್ಣು. ನಾನು ಮಾಡಿಕೊಟ್ಟದ್ದಲ್ಲ, ಹುಟ್ಟುವಾಗ ತಂದದ್ದು, ಏಳನೇ ವರ್ಷದಲ್ಲಿ ಹೋದದ್ದು. ಮಾಡಿಕೊಟ್ಟ ಒಂಬತ್ತರಲ್ಲಿ ಒಂದಕ್ಕೂ ಆ ಚುಕ್ಕೆ ಹಾಕುವ ಧೈರ್ಯ ನನಗೆ ಬಂದಿರಲಿಲ್ಲ.

ಇನ್ನು ಮುಂದಿನದನ್ನು ಓದಿ ಅಪ್ಪನಿಗೆ ಅರಳುಮರಳು ಅಂದುಕೊಳ್ಳಬೇಡ. ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್ ಅಂಡ್ ಬಿಲೀಫ್ ಬರೆಯುತ್ತಿದ್ದೇನೆ. ಸುಳ್ಳು ಕಣ್ಣಿಗೆ ಎಲ್ಲವನ್ನೂ ಕೊಡಬಹುದು, ಕೆಂಪು ರೇಷ್ಮೆ ಎಳೆಯಿಂದ ನರ ಕೂಡ ಕೊಡಬಹುದು. ಒಂದನ್ನು ಮಾತ್ರ ಕೊಡಲಾಗದು. ನಡುವಿನ ಕರಿ ಪಾಪೆ ಬಿಸಿಲಿಗೆ ಕುಗ್ಗುವುದಿಲ್ಲ, ಕತ್ತಲೆಗೆ ಹಿಗ್ಗುವುದಿಲ್ಲ. ಅದಕ್ಕೇ ನಾವು ಮಧ್ಯದ ಅಳತೆ ಹಿಡಿಯುತ್ತೇವೆ, ಮೂರೂವರೆ ಮಿಲಿಮೀಟರು. ಇದಕ್ಕೂ ಅಷ್ಟೇ ಇಟ್ಟಿದ್ದೆ. ಮರುದಿನ ಮಧ್ಯಾಹ್ನ ಬೆಳಕು ಜೋರಾಗಿ ಹಲಗೆಯ ಮೇಲೆ ಬಿದ್ದಾಗ ಪಾಪೆ ಸಣ್ಣದಾಗಿ ಕಂಡಿತು. ಅಳತೆಯ ಚುಕ್ಕೆಗಳ ಕಾರ್ಡು ಇದೆಯಲ್ಲ, ಚಿಕ್ಕವಳಿದ್ದಾಗ ಇರುವೆ ಸಾಲು ಅನ್ನುತ್ತಿದ್ದೆಯಲ್ಲ, ಅದನ್ನು ಪಕ್ಕದಲ್ಲಿ ಹಿಡಿದೆ. ಎರಡು. ಸಂಜೆ ದೀಪ ಹಾಕುವ ಮೊದಲು ಹಿಡಿದೆ, ಐದು. ಮೊದಲಿಗೆ ನನ್ನ ಕಣ್ಣೇ ಕೆಟ್ಟಿತು ಅಂದುಕೊಂಡೆ. ಕಿಟಕಿಯ ಬಾಗಿಲನ್ನು ಒಮ್ಮೆ ಮುಚ್ಚಿ ಒಮ್ಮೆ ತೆಗೆದು ನೋಡಿದೆ. ಮುಚ್ಚಿದರೆ ಅರಳಿತು, ತೆಗೆದರೆ ಮುದುಡಿತು. ಉಳಿದ ಆರೂ ಕಣ್ಣು ಬಣ್ಣವಾಗಿ ಸುಮ್ಮನಿದ್ದವು.

ಕೆಳಗಿನ ಮನೆಯ ಟೈಲರಮ್ಮ ಶರ್ಟಿನ ಕಾಲರು ತಿರುಗಿಸಿ ಹೊಲಿಯಲು ಅಳತೆಗೆ ಬಂದಿದ್ದರು. ಟೇಪು ಕುತ್ತಿಗೆಗೆ ಹಾಕಿದವರು ಅರ್ಧಕ್ಕೇ ಬಿಟ್ಟು, ಅಜ್ಜಾ, ಆ ಅಮ್ಮನ ಮುಖ ಎಷ್ಟು ತಣ್ಣಗಿದೆ, ಆ ಕೈ ಮಾತ್ರ ನಾನು ಎತ್ತ ಹೋದ್ರೆ ಅತ್ತ ನೋಡ್ತಿದೆ, ಒಂದು ಬಟ್ಟೆ ಹೊದಿಸ್ರಪ್ಪಾ, ಇಲ್ದಿದ್ರೆ ಅಳತೆ ತಪ್ಪಿ ನಿಮ್ಮ ಕುತ್ತಿಗೆಗೆ ನಾನು ಹೊಣೆಯಲ್ಲ ಅಂದರು. ನಗುತ್ತಲೇ ಅಂದರು, ಆದರೆ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದರು. ಅವತ್ತು ನನಗೂ ಧೈರ್ಯ ಸಾಲಲಿಲ್ಲ. ನೀಲಿ ಚೌಕಳಿಯ ಕೈವಸ್ತ್ರ ಹೊದಿಸಿಬಿಟ್ಟೆ. ನಾಲ್ಕು ದಿನ ಹಾಗೆಯೇ ಇತ್ತು. ಐದನೆಯ ದಿನ, ಬಟ್ಟೆಯಡಿ ನಿನ್ನಮ್ಮನಿಗೇ ಉಸಿರು ಕಟ್ಟಿದಂತೆ ನನಗೆ ಅನ್ನಿಸಿ ತೆಗೆದೆ.

ಆಮೇಲೆ ನಿನ್ನ ಕಾಗದ. ಅಪ್ಪ, ಹೋದ ತಿಂಗಳ ಆರಂಭದಿಂದ ಎಡಗಡೆ ಒಂದು ಕೋಣೆ ಕಾಣ್ತಿದೆ, ಕಿಟಕಿ ಇದೆ, ಒಬ್ಬ ಮುದುಕ ಬಗ್ಗಿ ಚುಕ್ಕೆಚುಕ್ಕೆಯ ಕಾರ್ಡನ್ನ ನನ್ನ ಮುಖದ ಹತ್ರ ಹಿಡೀತಾನೆ, ಮುಖ ಬೆಳಕಿಗೆ ಕಪ್ಪಾಗಿರುತ್ತೆ, ಶರ್ಟಿಗೆ ಒಂದೇ ಒಂದು ಹಸಿರು ಗುಂಡಿ, ಉಳಿದವೆಲ್ಲ ಬಿಳಿ. ಮಧ್ಯೆ ನಾಲ್ಕು ದಿನ ಬರೀ ನೀಲಿ ಚೌಕ, ಬಟ್ಟೆಯ ನೇಯ್ಗೆ ಎಣಿಸಬಹುದಿತ್ತು. ಕಣ್ಣು ಹೋದವರ ಮಿದುಳು ಹೀಗೆ ಆಟ ಕಟ್ಟುತ್ತೆ, ಹೆದರಬೇಡಿ ಅಂದರು ಡಾಕ್ಟರು. ಹೀಗೆಂದು ಬರೆದಿದ್ದೀಯ. ಡಾಕ್ಟರು ಹೇಳಿದ್ದು ನಿಜ, ಎಷ್ಟೋ ಜನ ನನ್ನ ಬಳಿಯೂ ಹೇಳಿದ್ದಾರೆ, ಬಣ್ಣ ಕಾಣುತ್ತದೆ, ಸತ್ತವರು ಕಾಣುತ್ತಾರೆ ಅಂತ. ಆದರೆ ಪಿಟೀಲೂ, ಆ ಹಸಿರು ಗುಂಡಿ ನಿನ್ನಮ್ಮ ಹೋದ ಮೇಲೆ ನಾನೇ ಹೊಲಿದುಕೊಂಡದ್ದು. ಬಿಳಿಯದು ಸಿಗಲಿಲ್ಲ, ಅವಳ ಡಬ್ಬಿಯಲ್ಲಿ ಯಾವುದು ಎಲ್ಲಿದೆಯೋ ಅವಳಿಗೇ ಗೊತ್ತಿತ್ತು. ಮಣ್ಣು ಮಾಡಿದ ಸಂಜೆಯೇ ನೀನು ಬಸ್ಸು ಹತ್ತಿದೆ, ಆಮೇಲೆ ಇತ್ತ ಬಂದಿಲ್ಲ. ಆ ಶರ್ಟನ್ನು ನೀನು ಕಂಡೇ ಇಲ್ಲ.

ಆದ್ದರಿಂದ ಐ ಬೆಗ್ ಟು ಸ್ಟೇಟ್ ದಟ್, ಆ ಮೂರು ದಿನ ನಿನಗೆ ಕಣ್ಣು ಕಟ್ಟಿದಾಗ ಕತ್ತಲೆಗೆ ಹೆದರಬೇಡ. ಹಲಗೆಯನ್ನು ಕಿಟಕಿಗೆ ಮುಖ ಮಾಡಿ ಇಡುತ್ತೇನೆ. ಬೀದಿ ಕಾಣುತ್ತದೆ, ಎದುರಿನ ಗಡಿಯಾರ ರಿಪೇರಿ ಅಂಗಡಿ ಕಾಣುತ್ತದೆ, ಅವರ ಒಂದು ಗಡಿಯಾರವೂ ಸರಿ ಇಲ್ಲ, ಹೊತ್ತು ಮಾತ್ರ ನೋಡಬೇಡ. ಈ ಕಾಗದ ಬರೆಯುವಾಗ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಯಾರಾದರೂ ನೋಡುತ್ತಿದ್ದರೆ ನನಗೆ ಕೈ ಓಡುವುದಿಲ್ಲ.

ಮೊದಲನೆಯ ವಿಷಯಕ್ಕೆ ಬರುತ್ತೇನೆ ಅಂದೆ. ನಾಲ್ಕು ಹಾಳೆ ತುಂಬಿತು, ಕಾಫಿಯೂ ಆರಿತು. ಧೈರ್ಯವಾಗಿರು. ಹನಿ ತಪ್ಪಿಸಬೇಡ, ಭಾರ ಎತ್ತಬೇಡ, ಬಗ್ಗಿ ತಲೆ ತೊಳೆಯಬೇಡ. ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಣ್ಣು ತಣ್ಣಗಿರಲಿ, ನಿನ್ನ ಮನಸ್ಸೂ.

ಇಂತಿ ನಿನ್ನ
ಅಪ್ಪ

ಮರೆತದ್ದು: ಸುಳ್ಳು, ಮರೆತಿರಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಚಿತ್ರವನ್ನು ನನ್ನ ಕಡೆ ತಿರುಗಿಸಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಸ ಗುಡಿಸುವಾಗ ಪೊರಕೆ ತಗುಲಿ, ಕಣ್ಣು ನುಣುಪು ಮಾಡುವ ಪಾಲಿಶ್ ಚಕ್ರದ ಸ್ವಿಚ್ಚು ಆನಾಯಿತು, ನೋಡದೆ ಬಾಗಿಲು ತೆರೆದೇ ಬಂದೆ ಅಂತ ನಿನ್ನಮ್ಮ, ನಿನ್ನ ಎಡಗಣ್ಣು ಹೋದಾಗ, ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕ ಕುಳಿತು ನಿನಗೆ ಹೇಳಿದಳು. ಸ್ವಿಚ್ಚನ್ನು ಹಾಕಿದವನು ನಾನು. ಎದುರಿನ ಅಂಗಡಿಯ ರೇಡಿಯೋದಲ್ಲಿ ಆಟದ ಕಾಮೆಂಟರಿ ಬರುತ್ತಿತ್ತು, ಎರಡು ನಿಮಿಷ ಅಂತ ಚಕ್ರ ತಿರುಗುತ್ತಿರುವಾಗಲೇ ಎದ್ದು ಹೋದೆ, ಅರ್ಧ ಗಂಟೆ ನಿಂತೆ. ನೀನು ಅಪ್ಪನ ಹಾಗೆ ಮಾಡಲು ಹೋಗಿ, ಮೇಜಿನ ಮೇಲಿದ್ದ ಒಂದು ಕಣ್ಣನ್ನು ಚಕ್ರಕ್ಕೆ ಹಿಡಿದೆ. ಚಕ್ರ ಅದನ್ನು ಕಿತ್ತು ನಿನ್ನ ಮುಖಕ್ಕೆ ಎಸೆಯಿತು. ನಾನು ಮಾಡಿದ ಕಣ್ಣು ನಿನ್ನ ಕಣ್ಣನ್ನು ತೆಗೆಯಿತು. ನಿನ್ನಮ್ಮ ಅವತ್ತು ಮನೆಯಲ್ಲೇ ಇರಲಿಲ್ಲ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಆ ರಾತ್ರಿ ನಾನು ಹೇಳಿಬಿಡುತ್ತೇನೆ ಅಂದೆ. ಬೇಡ, ಮಗು ಇನ್ನು ಬದುಕಿಡೀ ನಿಮ್ಮ ಕೈಯಿಂದಲೇ ಕಣ್ಣು ಹಾಕಿಸ್ಕೋಬೇಕು, ನಿಮ್ಮನ್ನ ಕಂಡ್ರೆ ಆಗದೆ ಹೋದ್ರೆ ಮುಖ ಹೇಗೆ ಕೊಡ್ತಾಳೆ, ನನ್ನನ್ನ ದ್ವೇಷಿಸಲಿ ಬಿಡಿ ಅಂದಳು. ನಾನು ಬಿಟ್ಟೆ. ಇಪ್ಪತ್ತೊಂಬತ್ತು ವರ್ಷ ಬಿಟ್ಟೆ. ಆ ದೇವಿ ಅವಳ ಪ್ರಾಯಶ್ಚಿತ್ತವಲ್ಲ ಮಗಳೇ, ಅವಳ ಮೇಲೆ ಪ್ರಾಯಶ್ಚಿತ್ತ ಏನೂ ಇರಲಿಲ್ಲ. ಇದನ್ನು ಓದಿದ ಮೇಲೂ ಬಾ ಅಂದರೆ ಮಂಡಿ ಎಳೆದುಕೊಂಡಾದರೂ ಬರುತ್ತೇನೆ. ಬೇಡ ಅಂದರೆ ಇಲ್ಲೇ ಇರುತ್ತೇನೆ.

ಬರೆದು ಮುಗಿಸಿ ಈ ಹಾಳೆಯನ್ನು ಆ ಅಂಗೈಯ ಎದುರು ಹಿಡಿದೆ. ಬೆಳಕು ಇದ್ದ ಹಾಗೆಯೇ ಇದೆ, ಆದರೂ ಪಾಪೆ ಅರಳಿತು. ಎಡದಿಂದ ಬಲಕ್ಕೆ ಹೋಯಿತು, ಕೆಳಗಿಳಿಯಿತು, ಮತ್ತೆ ಎಡದಿಂದ ಬಲಕ್ಕೆ. ಕೊನೆಯ ಸಾಲಿನಲ್ಲಿ ನಿಂತಿತು, ಆಮೇಲೆ ಮತ್ತೆ ಮೊದಲ ಸಾಲಿಗೆ ಹೋಯಿತು. ಈಗ ಕಾಗದ ಬಿಟ್ಟು ನನ್ನನ್ನು ನೋಡುತ್ತಿದೆ. ಎಷ್ಟೋ ಜನರನ್ನು ಈ ಕುರ್ಚಿಯಲ್ಲಿ ಕೂರಿಸಿ ಕದಲಬೇಡಿ ಅಂದವನು ನಾನು. ಇವತ್ತು ನಾನು ಕದಲದೆ ಕುಳಿತಿದ್ದೇನೆ. ಎಷ್ಟು ಹೊತ್ತು ಬೇಕೋ ನೋಡು.