ಜಡ್ಜಮ್ಮನ ಅರ್ಧ ತೀರ್ಪು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸುರಂಗದ ಕೆಲಸದ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಉಸಿರು ಕಟ್ಟುತ್ತದೆ ಎನ್ನುತ್ತೀರಿ, ಕಟ್ಟಿಕೊಳ್ಳದಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳುವವರು ಯಾರು? ಅತ್ತೆ ಆರೋಗ್ಯವಾಗಿದ್ದಾರೆ, ಮಂಡಿನೋವು ಇದ್ದೇ ಇದೆ. ನಾನು ನಿಂತಿದ್ದೇನೆ, ಅಷ್ಟೇ. ನಿಮ್ಮ ಸ್ನೇಹಿತರು, ಆ ಲಾರಿ ಡ್ರೈವರ್, ರಜೆ ಮುಗಿಸಿ ಇವತ್ತೇ ಹೊರಡುತ್ತಾರಂತೆ. ಈ ಕಾಗದವನ್ನು ನಾಳೆ ಬೆಳಿಗ್ಗೆ ನಿಮ್ಮ ಕೈಗೆ ಕೊಡುತ್ತೇನೆ ಎಂದಿದ್ದಾರೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಫೋನಿಗೆ ಜೀವ ಬರುವುದು ನೀವು ಸುರಂಗದಿಂದ ಹೊರಗೆ ತಲೆ ಹಾಕಿದಾಗ ಮಾತ್ರ. ಆಗ ನಾನು ಅಳಲು ಶುರು ಮಾಡುತ್ತೇನೆ, ನೀವು "ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೀರಿ. ಕಾಗದ ಅಳುವುದಿಲ್ಲ. ದಯವಿಟ್ಟು ಪೂರ್ತಿ ಓದಿ.

ನಿನ್ನೆ ನಮ್ಮ ಮಗಳು ಜಡ್ಜಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮೊದಲಿನ ಹಾಗೆ ಹೃದಯಕ್ಕೊಂದು ಕಟ್ಟಡ, ಮೂಳೆಗೊಂದು ಕಟ್ಟಡ ಎಂದು ಗಾಲಿಕುರ್ಚಿ ತಳ್ಳಿಕೊಂಡು ಅಲೆಯಬೇಕಾಗಿಲ್ಲ ಈಗ. ನರ ಮತ್ತು ಸ್ನಾಯುಗಳ ಕಾಯಿಲೆ ಇರುವ ಮಕ್ಕಳಿಗೆಂದೇ ಒಂದು ದಿನ ಇಟ್ಟಿದ್ದಾರೆ. ಮಗು ಒಂದೇ ಕೋಣೆಯಲ್ಲಿ ಕೂತಿರುತ್ತದೆ, ಡಾಕ್ಟರುಗಳು ಒಬ್ಬರಾದ ಮೇಲೆ ಒಬ್ಬರು ಬಂದು ನೋಡುತ್ತಾರೆ, ಕೊನೆಗೆ ಎಲ್ಲರೂ ನಮ್ಮನ್ನೂ ಕೂರಿಸಿಕೊಂಡು ಒಂದೇ ಮೇಜಿನ ಸುತ್ತ ಮಾತಾಡುತ್ತಾರೆ. ನಿಮ್ಮ ಮಗಳು ಎಲ್ಲರಿಗೂ ಹೆಸರಿಟ್ಟಾಗಿದೆ. ಕೊಳವೆಯಲ್ಲಿ ಊದಿಸುವ ಉಸಿರಿನ ಡಾಕ್ಟರು "ಫೂ ಡಾಕ್ಟರ್". ಬೆನ್ನುಮೂಳೆಗೆ ಕಂಬಿ ಕೂರಿಸುವ ಸರ್ಜನ್ನು "ಬಡಗಿ ಮಾವ". ನುಂಗುವುದನ್ನೂ ಮಾತನ್ನೂ ನೋಡಿಕೊಳ್ಳುವವರು "ಮಾತಿನ ಮಿಸ್ಸು". ಬಡಗಿ ಮಾವನಿಗೆ ಅದು ಗೊತ್ತಾಗಿ, "ಬಾಗಿಲು ಗೀಗಿಲು ಏನಾದ್ರೂ ಮಾಡಿಕೊಡ್ಬೇಕಾ ತಾಯಿ?" ಎಂದು ಕೇಳಿದರು. ಅವಳು ನಕ್ಕಳು. ನಕ್ಕಿದ್ದಕ್ಕೇ ಸುಸ್ತಾಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಳು.

ಅವಳ ಬೆನ್ನು ಇನ್ನಷ್ಟು ವಾಲಿದೆ ರೀ. ಎಕ್ಸ್-ರೇ ನೋಡಲಾಗುವುದಿಲ್ಲ. ಬೆನ್ನು ನೆಟ್ಟಗಿರಲಿ ಎಂದು ಪಟ್ಟಿ ಬಿಗಿಯಾಗಿ ಕಟ್ಟಿದರೆ ಹೊಟ್ಟೆ ಒತ್ತಿಕೊಂಡು ಎರಡು ತುತ್ತಿಗೆ ಸಾಕೆನಿಸುತ್ತದೆ, ಆಹಾರದ ಮೇಡಂ ತೂಕ ಇಳಿಯಿತು ಎನ್ನುತ್ತಾರೆ. ಸಡಿಲ ಬಿಟ್ಟರೆ ಒಂದು ಕಡೆಗೆ ಕುಸಿದು ಎದೆ ಮಡಚಿಕೊಳ್ಳುತ್ತದೆ, ಫೂ ಡಾಕ್ಟರ್ ಉಸಿರು ಕಡಿಮೆಯಾಯಿತು ಎನ್ನುತ್ತಾರೆ. ಇಷ್ಟು ದಿನ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾ, ಇಬ್ಬರ ಕೈಯಲ್ಲೂ ಬೈಸಿಕೊಳ್ಳುತ್ತಾ ನಾನೇ ಓಡಾಡುತ್ತಿದ್ದೆ. ಈಗ ಅವರವರೇ ಎದುರುಬದುರು ಕೂತು ಜಗಳವಾಡುತ್ತಾರೆ, ನನಗೆ ಅದೇ ಸಮಾಧಾನ. ನಿನ್ನೆ ಮಾತ್ರ ಜಗಳ ಇರಲಿಲ್ಲ. ಎಲ್ಲರದೂ ಒಂದೇ ಮಾತು: ಆಪರೇಷನ್ ಆಗಲೇಬೇಕು, ಬೇಗ ಆಗಬೇಕು. ಇದೇ ವೇಗದಲ್ಲಿ ಎದೆ ಕುಗ್ಗುತ್ತಾ ಹೋದರೆ ಅರಿವಳಿಕೆ ತಡೆದುಕೊಳ್ಳುವಷ್ಟು ಉಸಿರು ಮುಂದೆ ಅವಳಲ್ಲಿ ಉಳಿಯುವುದಿಲ್ಲವಂತೆ. ಆಮೇಲೆ ಅವರು ಮಾಡುತ್ತೇವೆ ಎಂದರೂ ಮಾಡಲಾಗುವುದಿಲ್ಲ.

ಹಾಗಾದರೆ ದಿನ ಗೊತ್ತು ಮಾಡಿ ಎಂದೆ. ಆಗ ಆ ಡಾಕ್ಟರುಗಳನ್ನೆಲ್ಲ ಒಂದು ದಾರದಲ್ಲಿ ಕಟ್ಟಿ ಇಟ್ಟುಕೊಂಡಿರುವ ಆ ನರ್ಸಮ್ಮ ನನ್ನ ಮುಖವನ್ನೇ ನೋಡಿದರು. "ನಿಮ್ಮ ಯಜಮಾನ್ರು ಫೋನ್ ಮಾಡಿದ್ರಲ್ಲಮ್ಮ, ಮಗೂನೇ ಬೇಡ ಅಂದಿದೆ, ನಿಲ್ಸಿ ಅಂತ." ನೆಲ ಬಿರಿಯಬಾರದೇ ಎನಿಸಿತು. ನನಗೆ ಒಂದು ಮಾತು ಹೇಳಬಾರದಿತ್ತೇ? ಕೋಪ ನೆತ್ತಿಗೇರಿತು, ಸುಳ್ಳೇಕೆ ಹೇಳಲಿ. ತಂದೆ ತಾಯಿ ಇಬ್ಬರೂ ಒಪ್ಪದೆ, ಮಗುವಿನ ಮನಸ್ಸು ತಿಳಿಯದೆ ಇಂಥ ದೊಡ್ಡ ಆಪರೇಷನ್‌ಗೆ ಅವರು ಕೈ ಹಾಕುವುದಿಲ್ಲ. ಅದು ತಪ್ಪಲ್ಲ.

ನಿಮಗೆ ಎಲ್ಲಿಂದ ಬಂತು ಆ "ಬೇಡ"? ಆಪರೇಷನ್ ಮಾತು ಬಂದ ಆ ದಿನ ಫೋನಿನಲ್ಲಿ ನೀವೇ ಅವಳನ್ನು ಕೇಳಿದಿರಿ. ನಾನು ಒಲೆಯ ಮುಂದಿದ್ದೆ, ಅತ್ತೆ ಅವಳ ಕಿವಿಗೆ ಫೋನು ಹಿಡಿದಿದ್ದರು. "ಅಪ್ಪಾ, ನಂಗೆ ಆಪರೇಷನ್ ಬೇ..." ಎಂದಳು. ಅಷ್ಟೇ. ಹೋದ ಸಲ ನೆಗಡಿಯಾದ ಮೇಲೆ ಅವಳಿಗೆ ಮಾತಿನ ಕೊನೆ ಮುಟ್ಟುವಷ್ಟು ಉಸಿರಿಲ್ಲ. ನಮ್ಮ ಮಾತಿನಲ್ಲಿ ಇರುವುದೆಲ್ಲ ಕೊನೆಯಲ್ಲೇ ತಾನೇ? ಬೇಕು ಎಂದರೂ "ಬೇ", ಬೇಡ ಎಂದರೂ "ಬೇ". ನಿಮಗೆ ಬೇಡ ಎಂದು ಕೇಳಿಸಿತು, ಅತ್ತೆಗೂ ಹಾಗೇ ಕೇಳಿಸಿತಂತೆ. ನನಗೆ ಬೇಕು ಎಂದು ಕೇಳಿಸಿತು. ಯಾರ ಮನಸ್ಸಿನಲ್ಲಿ ಏನಿತ್ತೋ ಅದೇ ಕೇಳಿಸಿತು. ಮತ್ತೆ ಕೇಳಿದರೆ ದಣಿದು, ನಾವು ಏನು ಹೇಳುತ್ತೇವೋ ಅದಕ್ಕೆಲ್ಲ "ಹೂಂ" ಎಂದುಬಿಡುತ್ತಾಳೆ. ತಲೆಯಾದರೂ ಆಡಿಸು ಎನ್ನೋಣವೆಂದರೆ ಕುತ್ತಿಗೆಗೆ ಬಲವಿಲ್ಲ. ಎರಡು ವರ್ಷದವಳಿದ್ದಾಗಲೇ ಎಲ್ಲದಕ್ಕೂ ತೀರ್ಪು ಕೊಡುತ್ತಿದ್ದ ಮಗು ರೀ ಅದು. ನಿಮ್ಮ ಮೀಸೆ "ಚೆನ್ನಾಗಿಲ್ಲ" ಎಂದು ತೆಗೆಸಿದವಳು!

ಇದು ಬಯಲಾದದ್ದು ಆ ಮೇಜಿನ ಮುಂದೆಯೇ. ಮಾತಿನ ಮಿಸ್ಸು ಸುಮ್ಮನೆ, "ಈಗ ಬೆನ್ನು ನೋಯ್ತಿದ್ಯಾ ಪುಟ್ಟಿ?" ಎಂದು ಕೇಳಿದರು. ಇವಳು "ಬೆನ್ನಲ್ಲಿ ನೋವು ಇ..." ಎಂದಳು. ಬಡಗಿ ಮಾವ "ಇದೆ" ಎಂದರು. ಅದೇ ಕ್ಷಣಕ್ಕೆ ನಾನು "ಇಲ್ಲ" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಫೂ ಡಾಕ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಮಾತಿನ ಮಿಸ್ಸು ಅವಳ ಪಕ್ಕ ಮಂಡಿಯೂರಿ ಕೂತು, "ಇನ್ಮೇಲೆ ಮಾತನ್ನ ತಿರುಗಿಸಿ ಹಾಕೋಣ. ಮೊದ್ಲು ತೀರ್ಪು, ಆಮೇಲೆ ಮಿಕ್ಕಿದ್ದು. ಉಸಿರಿದ್ರೆ ಹೇಳು, ಇಲ್ದಿದ್ರೆ ಬಿಡು" ಎಂದರು. ಜಡ್ಜಮ್ಮ ಯೋಚಿಸಿದಳು. "ಇದೆ," ಎಂದಳು. ಉಸಿರು ಎಳೆದುಕೊಂಡಳು. "ನೋವು."

ಅಲ್ಲಿಂದ ಮನೆಯಲ್ಲಿ ಮಾತೆಲ್ಲ ತಲೆಕೆಳಗು. "ಬೇಡ, ಹಾಲು." "ಬೇಕು, ಕಿಟಕಿ." ಅತ್ತೆಗೆ ಮೊದಲು ನಗು, ಆಮೇಲೆ ಅವರೂ ಹಾಗೇ ಮಾತಾಡಲು ಶುರು ಮಾಡಿದ್ದಾರೆ. ನನಗೆ ನಗು ಬರುತ್ತಿಲ್ಲ ರೀ. ಇವತ್ತು ಬೆಳಿಗ್ಗೆ ಎದ್ದ ಕೂಡಲೇ "ಇದೆ, ತಲೆನೋವು" ಎಂದಳು. ದಿನಾನಾ ಎಂದೆ. "ಹೂಂ, ದಿನಾ" ಎಂದಳು. ನರ್ಸಮ್ಮನಿಗೆ ಫೋನ್ ಮಾಡಿದೆ. ಅವರು ಫೂ ಡಾಕ್ಟರಿಗೇ ಕೊಟ್ಟರು. ನಿದ್ದೆಯಲ್ಲಿ ಉಸಿರು ಸಾಲದೆ ಹೋದರೆ ಹಾಗಾಗುತ್ತದಂತೆ, ಮಲಗುವಾಗ ಮೂಗಿಗೆ ಹಾಕುವ ಮುಖವಾಡದ ಯಂತ್ರ ಈಗಲೇ ಶುರು ಮಾಡಬೇಕಂತೆ, ಆಪರೇಷನ್‌ಗೂ ಅದರ ಅಭ್ಯಾಸ ಆಗಿರಬೇಕಂತೆ. ಮಗು ಪಕ್ಕದಲ್ಲೇ ಉಸಿರಿಗೆ ಪರದಾಡುತ್ತಿತ್ತು, ನಾವೆಲ್ಲ ಅದರ ಬಾಯಿಗೆ ನಮ್ಮ ಮಾತು ತುರುಕುತ್ತಿದ್ದೆವು.

ಶುಕ್ರವಾರ ಅವರೆಲ್ಲ ಮತ್ತೆ ಕೂರುತ್ತಾರೆ. ಅಷ್ಟರಲ್ಲಿ ನಿಮ್ಮ ಆ "ಬೇಡ" ಎಂಬುದನ್ನು ನೀವೇ ವಾಪಸು ತೆಗೆದುಕೊಳ್ಳಬೇಕು. ಜಡ್ಜಮ್ಮನ ಮನಸ್ಸನ್ನೂ ತಿಳಿದು ಬನ್ನಿ ಎಂದಿದ್ದಾರೆ, ನನ್ನ ಮುಖ ನೋಡಿ ಅವಳು ಉತ್ತರ ಕೊಡದ ಹಾಗೆ ಕೇಳಬೇಕಂತೆ. ಇನ್ನೂ ಕೇಳಿಲ್ಲ. ಬೆಳಗಿನಿಂದ ಅವಳ ಸುತ್ತ ಸುತ್ತುತ್ತಿದ್ದೇನೆ, ಬಾಯಿ ಬರುತ್ತಿಲ್ಲ. ನೀವು ಕೇಳಿಸಿಕೊಂಡದ್ದೇ ನಿಜವಾಗಿದ್ದರೆ? ಬೇಡ ಎಂದುಬಿಟ್ಟರೆ ನಾನು ಏನು ಮಾಡಲಿ? ಒಂಬತ್ತು ವರ್ಷದ ಮಗುವಿನ ಮಾತು ಮೀರಿ ಅದನ್ನು ಕೊಯ್ಯಲು ಒಪ್ಪಿಸಲೇ, ಅಥವಾ ಅದರ ಮಾತು ಕೇಳಿ ಅದು ಕುಗ್ಗುವುದನ್ನು ನೋಡುತ್ತಾ ಕೂರಲೇ? ನಿಮಗೂ ಭಯ ಎಂದು ನನಗೆ ಗೊತ್ತು. ಆಪರೇಷನ್ ಮೇಜಿನ ಮೇಲೆ ಏನಾದರೂ ಆಗಿಬಿಟ್ಟರೆ ಎಂದು. ನನಗಿಲ್ಲವೇ ಆ ಭಯ? ಆದರೆ ನೀವು ದೂರದಲ್ಲಿ ಕೂತು ಭಯಪಡುತ್ತೀರಿ, ನಾನು ಅವಳನ್ನು ಎತ್ತಿ ಬಟ್ಟೆ ತೊಡಿಸುತ್ತಾ ಭಯಪಡುತ್ತೇನೆ. ನನ್ನ ಕೈಲಿ ಆಗುತ್ತಿಲ್ಲ ರೀ. ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ ಇದು. ಅಲ್ಲಿ ಅಷ್ಟೊಂದು ಡಾಕ್ಟರುಗಳೇ ಒಬ್ಬರ ಕೈಲಿ ಆಗುವುದಿಲ್ಲ ಎಂದು ಒಟ್ಟಿಗೆ ಕೂರುತ್ತಾರೆ. ನನ್ನ ಪಕ್ಕದ ಕುರ್ಚಿ ಖಾಲಿ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ತಿನ್ನಬೇಕಂತೆ. ಜಡ್ಜಮ್ಮನ ಮುತ್ತು ಈ ಹಾಳೆಯ ಮೂಲೆಯಲ್ಲಿದೆ, ಒದ್ದೆಯಾಗಿದ್ದರೆ ಅದು ನನ್ನ ಕಣ್ಣೀರಲ್ಲ, ಅವಳ ಜೊಲ್ಲು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಇಂತಿ,
ಬೈದರೂ ನಿಮ್ಮವಳೇ

ವಿ.ಸೂ.: ಡ್ರೈವರ್ ಬಂದು ಹಾರ್ನ್ ಹೊಡೆಯುತ್ತಿದ್ದಾರೆ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡಿ. ಕೇಳಿಬಿಟ್ಟೆ. ನನ್ನ ಮುಖ ಕಾಣದಿರಲೆಂದು ಗಾಲಿಕುರ್ಚಿಯ ಹಿಂದೆ ನಿಂತು, "ಆಪರೇಷನ್ ಬಗ್ಗೆ ನಿನ್ನ ತೀರ್ಪೇನು ಜಡ್ಜಮ್ಮಾ?" ಎಂದೆ. "ಬೇಡ" ಎಂದಳು. ಸ್ಪಷ್ಟವಾಗಿ ಎಂದಳು. ಅತ್ತೆ "ನಾನು ಹೇಳ್ಲಿಲ್ವಾ" ಎಂದು ಅಳಲು ಶುರು ಮಾಡಿದರು. ನಾನು ಕುರ್ಚಿ ತಿರುಗಿಸಿಕೊಂಡು ಒಳಗೆ ಹೊರಟೆ. ಅವಳು ಇನ್ನೂ ಉಸಿರು ಎಳೆದುಕೊಳ್ಳುತ್ತಲೇ ಇದ್ದಳು ರೀ, ಮಾತು ಮುಗಿದಿರಲಿಲ್ಲ. ಬಾಗಿಲ ಹತ್ತಿರ ಮುಗಿಸಿದಳು. "ಬೇಡ," ಎಂದಳು, "ಸಾಯೋದು."

ಇದೇ ಲಾರಿಯಲ್ಲಿ ವಾಪಸು ಬನ್ನಿ.