ಯಂಕೋಬನ ಸವಾರಿ ಬಂಡಿ ಸಾಕೂ ಖರ್ಚು

ಏನ್ರೀ,

ನನಗ ಅಕ್ಷರ ಕಲಿಸಿದವರು ನೀವ. ಈಗ ಕುಂತು ಓದ್ರಿ.

ಸವಾರಿ ಬಂಡಿ ತಂದ ದಿನ "ಇನ್ನ ಒಂದು ಪೈಸೆನೂ ಖರ್ಚಿಲ್ಲ" ಅಂದ್ರಿ. ಮೊನ್ನೆ ಮಸ್ಕಿ ಸಂತಿಗೆ ಹೋದಾಗ ಗಾಲಿ ಕಿರುಚಿದ್ದಕ್ಕ ದಾರ್ಯಾಗಿನ ಮಂದಿ "ಯಂಕೋಬ, ಒಳಗ ಯಾರನ್ನ ಹೊಡ್ಯಾಕತ್ತೀಯಪಾ?" ಅಂತ ಕೇಳಿದ್ರು. ನೀವು ಮೀಸಿ ತಿರುವಿಕೋತ ಕುಂತಿದ್ರಿ.

ಅದಕ್ಕ ನಿಮ್ಮ ಜರಿ ರುಮಾಲು ಮಾರೀನಿ. ಆ ರೊಕ್ಕದಾಗ ಕೀಲೆಣ್ಣಿ, ಕಂದೀಲು, ಬಂಡಿ ಕಮಾನಿಗೆ ಹೊದಿಸಾಕ ತಟ್ಟು, ಎತ್ತಿಗೆ ಹತ್ತಿಕಾಳು ಬಂದಾವ. ಉಳಿದದ್ದು ಲಾಳ ಕಟ್ಟಾವ ಒಯ್ದ. ಎಣ್ಣಿ, ಕಾಳು ತಿಂಗಳಾ ತಿಂಗಳಾ ಬೇಕು. ನಿಮ್ಮವು ಇನ್ನೂ ಎರಡು ರುಮಾಲು ಅದಾವ.

ಮಗಳು ಆದೆಮ್ಮಗ ದಿನ ತುಂಬ್ಯಾವ. ನೀವು ನೋಡಿದ್ರ "ಅಮಾಸಿ ಕಳೀಲಿ, ಕರಕೊಂಡು ಬರೂಣು" ಅಂತೀರಿ. ಕೂಸು ಪಂಚಾಂಗ ನೋಡಿ ಬರತೈತೇನು? ನಾನ ಬಂಡಿ ಹೂಡಿಕೊಂಡು ಆಕಿ ಗಂಡನ ಮನಿಗೆ, ಗುರುಗುಂಟಾಕ್ಕ ಹೊಂಟೀನಿ. ನಾ ಬಂಡಿ ಹೊಡಿಯೂದು ಇದ ಮೊದಲು, ಎತ್ತಿಗೆ ಗೊತ್ತಾಗಬಾರದು ಅಷ್ಟ.

ರೊಟ್ಟಿ ನೆಲುವಿನ್ಯಾಗ ಅದಾವ. ಎಮ್ಮಿ ಹಿಂಡ್ರಿ. ಒದ್ದರ ಬೈಬ್ಯಾಡ್ರಿ, ನಿಮ್ಮ ಕೈ ಅದಕ್ಕ ಹೊಸದು.

ಹೆಣ್ಣಾಕಿ ಬಂಡಿ ಹೊಡದ್ಲು ಅಂತ ಮಂದಿ ನಕ್ರ ನಗಲಿ. ಸಂಜಿಕ ನೀವು ಹಳ್ಳದ ತನಕ ಎದುರಿಗೆ ಬರ್ರಿ. ಮಗಳು ನನ್ನ ಕಂಡ ಕೂಡಲೆ "ಅಪ್ಪ ಬಂದಿಲ್ಲೇನವ್ವಾ?" ಅಂತಾಳ. ಹಳ್ಳದಾಗ ನಿಂತಾನ ಅಂತ ಹೇಳತೀನಿ.

ಪಾರ್ವತೆಮ್ಮ